ಭಾವಚಿತ್ರವನ್ನು ಬರೆಸುವವರ ಹೊಣೆ

ಚಿತ್ರಕಾರನ ಗುಣದೋಷಗಳನ್ನು ಕುರಿತು ನಮ್ಮಲ್ಲಿ ಅಷ್ಟಿಷ್ಟು ವಿಮರ್ಶೆ ನಡೆದಿದೆ. ಚಿತ್ರವನ್ನು ಬರೆಸುವವರ ಗುಣದೋಷಗಳನ್ನು ಕುರಿತು ನಡೆದುದು ಕಡಿಮೆ. ಕವನಕ್ಕೆ ಕರ್ತೃ ಒಬ್ಬನಾದರೆ ಭಾವಚಿತ್ರಕ್ಕೆ ಮೂವರು: ಬರೆಯುವವನು, ಎದುರಿಗೆ ಕುಳಿತವನು, ಹಣ ಕೊಟ್ಟು ಬರೆಸುವವನು. ಮೂರನೆಯವನು ಎಡವಿದರೆ ಮೊದಲನೆಯವನ ಕೈಚಳಕ ಎಷ್ಟಿದ್ದರೂ ವ್ಯರ್ಥ.

ನಮ್ಮ ಗಡಿನಾಡಿಗೆ ಸಮೀಪದ ಉದಾಹರಣೆಯನ್ನೇ ಮೊದಲು ನೋಡೋಣ. ರಾಜಾ ರವಿವರ್ಮನು 1870ರಲ್ಲಿ ಕೊಲ್ಲೂರು ಮೂಕಾಂಬಿಕೆಯ ಸನ್ನಿಧಿಯಲ್ಲಿ ಭಜನೆ ಕುಳಿತು ಮರಳುವಾಗ, ಕಲ್ಲಿಕೋಟೆಯ ಸಬ್ ಜಡ್ಜರೊಬ್ಬರ ಕುಟುಂಬದ ಚಿತ್ರವನ್ನು ಬರೆದುಕೊಟ್ಟನು. ಸಂಭಾವನೆ ಪಡೆದು ಬರೆದ ಮೊದಲ ಚಿತ್ರ ಅದೇ ಎಂದು ಅವನ ಚರಿತ್ರಕಾರರು ಹೇಳುತ್ತಾರೆ. ಮುಂದೆ ಬಡೋದೆ, ಮೈಸೂರು ಅರಮನೆಗಳು ಅವನನ್ನು ಕರೆಸಿಕೊಂಡವು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಅವನ ಚಿತ್ರಗಳ ಮುಂದೆ ನಿಂತವರು ಮೊದಲು ಮೆಚ್ಚುವುದು ರೇಷ್ಮೆಯ ಮಡಿಕೆಯನ್ನು, ಜರಿಯ ಹೊಳಪನ್ನು. ಬರೆಸಿದವರು ಪದವಿಯನ್ನು ಬಯಸಿದರು. ಅವನು ಅದನ್ನು ಕೊಟ್ಟನು. ಅದರ ಜತೆಗೆ ಮುಖವನ್ನೂ ಉಳಿಸಿದುದು ಅವನ ಹಿರಿಮೆ. ಅವನನ್ನು ಅನುಕರಿಸಿದ ಅನೇಕರಲ್ಲಿ ಜರಿ ಮಾತ್ರ ಉಳಿಯಿತು.

ಇದಕ್ಕೆ ವಿರುದ್ಧವಾದ ನಿದರ್ಶನ ಇಂಗ್ಲೆಂಡಿನದು. ಚರ್ಚಿಲ್ಲರ ಎಂಬತ್ತನೆಯ ಹುಟ್ಟುಹಬ್ಬಕ್ಕೆಂದು ಪಾರ್ಲಿಮೆಂಟಿನ ಸದಸ್ಯರು ಸಾವಿರ ಗಿನಿ ಕೊಟ್ಟು ಗ್ರಹಾಂ ಸದರ್ಲೆಂಡನಿಂದ ಚಿತ್ರ ಬರೆಸಿ, 1954ರ ನವೆಂಬರ್ 30ರಂದು ಒಪ್ಪಿಸಿದರು. ಗೌರವದ ನಿಲುವಂಗಿಯಲ್ಲಿ ಚಿತ್ರಿತರಾಗಬೇಕೆಂದು ಚರ್ಚಿಲ್ಲರ ಆಸೆ. ಚಿತ್ರದಲ್ಲಿ ಬಂದುದು ನಿತ್ಯದ ಉಡುಪು ತೊಟ್ಟು, ಕುರ್ಚಿಯ ಕೈಗಳನ್ನು ಹಿಡಿದು ಕುಳಿತ ದಣಿದ ಮುದುಕ. ಸಭೆಯಲ್ಲಿ ಅವರು ಅದನ್ನು ಆಧುನಿಕ ಕಲೆಯ ಮಾದರಿಯೆಂದು ಹೊಗಳುವಂತೆ ಹಂಗಿಸಿದರು. ಮುಂದೆ ಅವರ ಪತ್ನಿ ಚಿತ್ರವನ್ನು ನಾಶಮಾಡಿಸಿದರೆಂಬುದು 1978ರಲ್ಲಿ ಹೊರಬಿತ್ತು. ಸದರ್ಲೆಂಡನು ಸುಳ್ಳು ಬರೆಯಲಿಲ್ಲವೆಂದೇ ನನ್ನ ಮತ. ಆದರೆ ಚಿತ್ರ ಯಾರಿಗಾಗಿ, ಕುಳಿತವರ ಮನೆಗೋ ಸಭಾಭವನದ ಗೋಡೆಗೋ, ಎಂಬುದು ಎಲ್ಲರಿಗೂ ಒಂದೇ ರೀತಿ ತಿಳಿದಿರಲಿಲ್ಲ. ದೋಷದ ಮೂಲ ಅಲ್ಲಿದೆ.

ಪರರ ತಪ್ಪನ್ನು ಎಣಿಸಿದ ಮೇಲೆ ನಮ್ಮದನ್ನೂ ಹೇಳಬೇಕಷ್ಟೆ. ಒಂದು ಶಾಲೆಯಲ್ಲಿ ನಾನು ಸಹಾಯಕನಾಗಿದ್ದಾಗ, ಹಳೆಯ ವಿದ್ಯಾರ್ಥಿಗಳು ದಿವಂಗತ ಕನ್ನಡ ಪಂಡಿತರ ಚಿತ್ರವನ್ನು ಬರೆಸಲು ಹಣ ಕೂಡಿಸಿದರು. ಕಾರ್ಯದರ್ಶಿ ನಾನೇ. ಪಂಡಿತರು ಬದುಕಿದ್ದಾಗ, ಮುಂದಿನ ವರ್ಷ ನೋಡೋಣ ಎಂದು ಮೂರು ವರ್ಷ ಕಳೆದವರೂ ನಾವೇ. ಉಳಿದಿದ್ದುದು ಒಂದು ಚಿಕ್ಕ ಫೋಟೋ. ಅದರಲ್ಲಿ ಕನ್ನಡಕದ ಒಂದು ಕಡ್ಡಿಗೆ ದಾರ ಕಟ್ಟಿತ್ತು. ಕೋಟಿನ ತೋಳು ಮಾಸಿತ್ತು. ಕನ್ನಡಕ ತೆಗೆದು, ಪೇಟ ಇಟ್ಟು, ಜರಿಯ ಶಾಲು ಹೊದಿಸಬೇಕೆಂದು ಸಮಿತಿ ಚಿತ್ರಕಾರನಿಗೆ ತಿಳಿಸಿತು. ಅವನು ಒಮ್ಮೆ ಅನುಮಾನಿಸಿದನು, ನಾನು ಒತ್ತಾಯಿಸಿದೆನು. ಅನಾವರಣದ ದಿನ ಪಂಡಿತರ ಪತ್ನಿಯವರು ಬಹಳ ಹೊತ್ತು ನೋಡಿ, "ಶಾಲು ಚೆಂದ ಬಂದಿದೆ ಮಾಷ್ಟ್ರೇ" ಎಂದು ಮಾತ್ರ ಹೇಳಿ ಕುಳಿತರು.

ಆ ಮಾತು ನನಗೆ ಅಂದು ಅರ್ಥವಾಗಲಿಲ್ಲ. ದಾರ ಕಟ್ಟಿದ ಆ ಕನ್ನಡಕದಿಂದಲೇ ಪಂಡಿತರು ನಮ್ಮ ಮಕ್ಕಳಿಗೆ ಹಳಗನ್ನಡ ಓದಿ ಹೇಳಿದ್ದರು. ಕನ್ನಡ ತರಗತಿ ಉಳಿಯಲೆಂದು ಮನೆಮನೆಗೆ ಅಲೆದು ಮಾಸಿದ ಕೋಟು ಅದು. ನಾವು ಅಳಿಸಿದ್ದು ಬಡತನವನ್ನಲ್ಲ, ಅವರ ದುಡಿಮೆಯನ್ನು.

ಆದುದರಿಂದ ಶಾಲೆಗಳಲ್ಲಿ ಚಿತ್ರ ಬರೆಸುವ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೆ: ಹಿರಿಯರು ಬದುಕಿರುವಾಗಲೇ ಬರೆಸಿರಿ. ಚಿತ್ರ ಯಾರಿಗಾಗಿ, ಎಲ್ಲಿ ತೂಗುವುದೆಂದು ಮುಂಗಡ ಕೊಡುವ ಮೊದಲೇ ನಿಶ್ಚಯಿಸಿರಿ. ಕುಳಿತವರನ್ನು ನೋಡಲು ಚಿತ್ರಕಾರನಿಗೆ ಸಾಕಷ್ಟು ಹೊತ್ತು ಕೊಡಿರಿ. ಕನ್ನಡಕವನ್ನು ಮಾತ್ರ ತೆಗೆಸಬೇಡಿರಿ.