ಪಕ್ಷಿನೋಟದ ಅಂಚಿನಲ್ಲಿ ಕೇರಿ

ಕನ್ನಡ ವಿಮರ್ಶೆಗೆ ‘ಪಕ್ಷಿನೋಟ’ ಎಂಬ ಮಾತಿನ ಮೇಲೆ ವಿಶೇಷವಾದ ಮೋಹವಿದೆ. ‘ದಲಿತ ಸಾಹಿತ್ಯ: ಒಂದು ಪಕ್ಷಿನೋಟ’ ಎಂಬ ಪ್ರಬಂಧವನ್ನು ಎಂ.ಎ. ಓದುವಾಗ ನಾನೂ ಬರೆದಿದ್ದೇನೆ. ಈಗ ಮೇಷ್ಟರಾಗಿ ಅಂಥ ಪ್ರಬಂಧಗಳಿಗೆ ಅಂಕವನ್ನೂ ಹಾಕುತ್ತಿದ್ದೇನೆ. ಆದರೆ ಆ ಪಕ್ಷಿ ಯಾವುದು, ಯಾರ ಮನೆಯ ಮಾಳಿಗೆಯಿಂದ ಹಾರಿತು, ಹಾರುತ್ತ ಏನನ್ನು ನೋಡದೆ ಬಿಟ್ಟಿತು ಅಂತ ಕೇಳಿಕೊಂಡವನಲ್ಲ. ಕೇಳಿಕೊಳ್ಳುವ ಹಾಗೆ ಮಾಡಿದ್ದು ಒಂದು ಫೋಟೋ.

ನಮ್ಮ ಕಡೆ ನಡೆದ ಒಂದು ಛಾಯಾಚಿತ್ರ ಪ್ರದರ್ಶನದಲ್ಲಿ ನಮ್ಮೂರಿನ ಚಿತ್ರವಿತ್ತು. ಡ್ರೋನ್ ಕ್ಯಾಮೆರಾದಿಂದ ತೆಗೆದ, ಗೋಡೆಯುದ್ದಕ್ಕೂ ಹರಡಿಕೊಂಡ ಪನೋರಮಾ. ನಡುವೆ ದೇವಸ್ಥಾನದ ಗೋಪುರ, ಅದರ ಮುಂದೆ ತೇರಿನ ಬೀದಿ, ಎಡಕ್ಕೆ ಕೆರೆ, ಹಿಂದೆ ಗದ್ದೆ ಬಯಲು, ಅದರಾಚೆ ತೆಂಗಿನ ತೋಟ. ಮೇಲೆ ತೆಳ್ಳಗೆ ಬೆಳಗಿನ ಮಂಜು. ನಾನು ನನ್ನ ಮನೆ ಹುಡುಕಿದೆ. ಬಲಗಡೆಯ ಅಂಚಿನಲ್ಲಿ ನೀರಿನ ಟ್ಯಾಂಕೊಂದು ಅರ್ಧ ಕಾಣುತ್ತಿತ್ತು. ಆ ಟ್ಯಾಂಕಿನಿಂದಾಚೆ ಇಳಿಜಾರಿನಲ್ಲಿ ನಮ್ಮ ಕೇರಿ. ಚಿತ್ರ ಟ್ಯಾಂಕಿಗೇ ಮುಗಿದಿತ್ತು.

ಚಿತ್ರ ತೆಗೆದವರು ಕೆಟ್ಟವರಲ್ಲ. ನನ್ನನ್ನು ನೋಡಿ, ‘ಇಡೀ ಊರು ಬಂದಿದೆ ಅಲ್ವಾ ಸಾರ್?’ ಅಂತ ಪ್ರೀತಿಯಿಂದಲೇ ಕೇಳಿದರು. ಒಂದು ಅರ್ಥದಲ್ಲಿ ಅವರ ಮಾತು ನಿಜ. ಊರು ಬಂದಿತ್ತು, ಕೇರಿ ಬಂದಿರಲಿಲ್ಲ. ಸಿದ್ಧಲಿಂಗಯ್ಯನವರು ತಮ್ಮ ಆತ್ಮಕಥನಕ್ಕೆ ‘ಊರುಕೇರಿ’ ಎಂದು ಹೆಸರಿಟ್ಟು ಎರಡು ಪದಗಳನ್ನು ಒಂದು ಮಾಡಿದರು. ನೆಲದ ಮೇಲೆ ಅವೆರಡೂ ಇನ್ನೂ ಒಂದಾಗಿಲ್ಲ. ಆಕಾಶದಲ್ಲಿ ಒಂದಾಗುತ್ತವೆಯೇ ಎಂಬುದು ಈ ಬರಹದ ಪ್ರಶ್ನೆ.

ಮೇಲಿನಿಂದ ಹಳ್ಳಿಯನ್ನು ನೋಡಿ ಮರುಳಾಗುವುದು ಹೊಸದೇನಲ್ಲ. ಬ್ರಿಟಿಷ್ ಅಧಿಕಾರಿ ಮೆಟ್‌ಕಾಫ್ ಭಾರತದ ಹಳ್ಳಿಗಳನ್ನು ಪುಟ್ಟ ಗಣರಾಜ್ಯಗಳೆಂದು ಬಣ್ಣಿಸಿದ. ನಮ್ಮ ರಾಷ್ಟ್ರೀಯವಾದಿಗಳು ಆ ವರ್ಣನೆಗೆ ಕಟ್ಟು ಹಾಕಿಸಿ ನೇತುಹಾಕಿಕೊಂಡರು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಮೆಟ್‌ಕಾಫನ ಆ ಮಾತನ್ನೇ ಎತ್ತಿಕೊಂಡು, ಹಳ್ಳಿಯ ಮೇಲಿನ ಈ ಮೋಹವನ್ನು ಖಾರವಾಗಿ ನಿರಾಕರಿಸಿದರು. ಮೆಟ್‌ಕಾಫ್ ಕುದುರೆಯ ಮೇಲಿಂದ ಕಂಡ ಹಳ್ಳಿಯನ್ನು ಇಂದಿನ ಕ್ಯಾಲೆಂಡರುಗಳು ಡ್ರೋನಿನ ಮೇಲಿಂದ ಕಾಣುತ್ತಿವೆ. ಎತ್ತರ ಹೆಚ್ಚಾಗಿದೆ, ಹಳ್ಳಿ ಅದೇ ಇದೆ.

ಇಲ್ಲಿ ಯಂತ್ರದ ಕೆಲಸವನ್ನು ಸ್ವಲ್ಪ ವಿವರವಾಗಿ ನೋಡಬೇಕು. ನಾವು ಕೃತಿಯ ರಾಜಕಾರಣವನ್ನು ಮಾತಾಡುತ್ತೇವೆ, ಅದು ತಯಾರಾಗುವ ಬಗೆಯನ್ನು ಮರೆಯುತ್ತೇವೆ. ಸಾಮಾನ್ಯವಾಗಿ ಸಣ್ಣ ಡ್ರೋನುಗಳಲ್ಲಿರುವುದು 24 ಮಿ.ಮೀ. ಸುಮಾರಿನ ವೈಡ್ ಆಂಗಲ್ ಮಸೂರ. ಅದು ಅಗಲವಾಗಿ ನೋಡುತ್ತದೆ, ಆದರೆ ದೂರದ್ದನ್ನು ಇನ್ನೂ ದೂರಕ್ಕೆ ತಳ್ಳುತ್ತದೆ, ಅಂಚಿನಲ್ಲಿದ್ದದ್ದನ್ನು ಎಳೆದು ಹಿಗ್ಗಿಸುತ್ತದೆ. ಇನ್ನೂ ಅಗಲ ಬೇಕೆಂದರೆ ಒಂದೇ ಚಿತ್ರ ಸಾಲದು. ಡ್ರೋನು ಗಾಳಿಯಲ್ಲಿ ನಿಂತಲ್ಲೇ ತಿರುಗುತ್ತ ಸಾಲುಸಾಲಾಗಿ ಚಿತ್ರ ತೆಗೆಯುತ್ತದೆ. ಹಲವು ಡ್ರೋನುಗಳಲ್ಲಿ ವೈಡ್ ಆಂಗಲ್ ಪನೋರಮಾಕ್ಕೆ 9 ಚಿತ್ರ, 180 ಡಿಗ್ರಿಯದಕ್ಕೆ 21 ಚಿತ್ರ. ಒಂದು ಚಿತ್ರದ ಅಂಚು ಇನ್ನೊಂದರ ಮೇಲೆ ಕೂರಬೇಕು. ಆ ಅತಿಕ್ರಮಣದ ಜಾಗದಲ್ಲಿ ಸಾಫ್ಟ್‌ವೇರ್ ಎರಡನ್ನೂ ಹೊಲಿಯುತ್ತದೆ. ಬೆಳಕಿನ ಅಳತೆಯನ್ನು ಮೊದಲೇ ಕಟ್ಟಿಹಾಕದಿದ್ದರೆ ಒಂದು ತುಂಡು ಬೆಳ್ಳಗೆ, ಇನ್ನೊಂದು ಕಪ್ಪಗೆ ಬಂದು ಹೊಲಿಗೆ ಎದ್ದು ಕಾಣುತ್ತದೆ.

ಈ ಹೊಲಿಗೆಯಲ್ಲಿ ನನ್ನನ್ನು ಕಾಡಿದ್ದು ಮೂರು ಸಂಗತಿ. ಒಂದು, ಹೊಲಿಗೆಗೆ ಅಲುಗಾಡದ ವಸ್ತುಗಳು ಬೇಕು. ಗೋಪುರ, ಮನೆ, ಮರ ಸರಿಯಾಗಿ ಕೂರುತ್ತವೆ. ಎರಡು ಚಿತ್ರಗಳ ನಡುವಿನ ಗಳಿಗೆಯಲ್ಲಿ ನಡೆದುಹೋದ ಮನುಷ್ಯ ಅರ್ಧವಾಗುತ್ತಾನೆ, ಎರಡಾಗುತ್ತಾನೆ, ಇಲ್ಲವೇ ಮಾಯವಾಗುತ್ತಾನೆ. ಛಾಯಾಗ್ರಾಹಕರು ಇದನ್ನು ದೋಷ ಅಂತ ಅಳಿಸಿಹಾಕುತ್ತಾರೆ. ಹೊತ್ತಾರೆ ಕೂಲಿಗೆ ಹೊರಟವರು ದೋಷವಾಗುವುದು, ಒಡೆಯರ ಮಾಳಿಗೆ ಸ್ಪಷ್ಟವಾಗುವುದು ಇಲ್ಲೇ. ಎರಡು, ಚಪ್ಪಟೆ ಹಾಳೆಯ ಮೇಲೆ ದುಂಡಗಿನ ಲೋಕವನ್ನು ಹಾಸಿದಾಗ ಎಲ್ಲೋ ಒಂದು ಕಡೆ ಬಾಗಲೇಬೇಕು. ನಡುವೆ ಇಟ್ಟದ್ದು ನೆಟ್ಟಗಿರುತ್ತದೆ, ಬದಿಗೆ ಬಿದ್ದ ನೇರ ರಸ್ತೆ ಬಿಲ್ಲಾಗುತ್ತದೆ. ಮೂರು, ಸುತ್ತಲೂ ಕಾಣುವ ಗೋಳದ ಚಿತ್ರ ತೆಗೆಯುವಾಗ ಬಹುತೇಕ ಸಣ್ಣ ಡ್ರೋನುಗಳ ಕ್ಯಾಮೆರಾ ನೆತ್ತಿಯ ಮೇಲೆ ನೋಡಲಾರದು. ನೆತ್ತಿಯ ಆಕಾಶವನ್ನು ಸಾಫ್ಟ್‌ವೇರ್ ತಾನೇ ತುಂಬಿಕೊಡುತ್ತದೆ. ಎಲ್ಲವನ್ನೂ ಕಂಡೆನೆನ್ನುವ ಚಿತ್ರದಲ್ಲಿ ಕಾಣದೇ ತುಂಬಿದ ಭಾಗವೂ ಇರುತ್ತದೆ ಎಂಬುದು ನಮ್ಮ ಸಮಗ್ರ ಸಾಹಿತ್ಯ ಚರಿತ್ರೆಗಳಿಗೂ ಸಲ್ಲುವ ಮಾತು.

ಹಾಗಂತ ಎತ್ತರವೇ ಮೇಲ್ಜಾತಿಯದು, ಡ್ರೋನೇ ಪುರೋಹಿತಶಾಹಿಯದು ಅಂತ ತೀರ್ಪು ಕೊಟ್ಟು ಕೈತೊಳೆದುಕೊಳ್ಳಲು ಬರುವುದಿಲ್ಲ. ಆ ಅವಸರವನ್ನು ತಡೆಯುವ ಒಂದು ದೊಡ್ಡ ಉದಾಹರಣೆ ದಕ್ಷಿಣ ಆಫ್ರಿಕಾದಲ್ಲಿದೆ. ಜಾನಿ ಮಿಲ್ಲರ್ ಎಂಬ ಛಾಯಾಗ್ರಾಹಕ 2016ರಲ್ಲಿ ಕೇಪ್ ಟೌನಿನಲ್ಲಿ ಡ್ರೋನ್ ಹಾರಿಸಿ ‘ಅನ್‌ಈಕ್ವಲ್ ಸೀನ್ಸ್’ ಎಂಬ ಚಿತ್ರಮಾಲೆ ಶುರುಮಾಡಿದ. ಮಸಿಪುಮೆಲೆಲೆಯ ತಗಡಿನ ಗುಡಿಸಲುಗಳು, ಪಕ್ಕದಲ್ಲೇ ಬೇಲಿ ಹಾಕಿ ಕಾವಲಿಟ್ಟ ಲೇಕ್ ಮಿಷೆಲ್ ಬಡಾವಣೆ, ನಡುವೆ ಜೌಗು ನೆಲ. 1950ರ ಗ್ರೂಪ್ ಏರಿಯಾಸ್ ಕಾಯ್ದೆ ಯಾರು ಎಲ್ಲಿ ವಾಸಿಸಬೇಕೆಂದು ಬಣ್ಣ ನೋಡಿ ಗೊತ್ತುಮಾಡಿತ್ತು. ಹೊಳೆ, ರೈಲುಹಳಿ, ಹೆದ್ದಾರಿ, ಖಾಲಿ ನೆಲ ಎಲ್ಲವೂ ಗಡಿಗಳಾಗಿದ್ದವು. ಕಾಯ್ದೆ ಸತ್ತಮೇಲೂ ಗಡಿ ಸಾಯಲಿಲ್ಲ ಎಂಬುದನ್ನು ಆ ಚಿತ್ರಗಳು ಒಂದೇ ನೋಟಕ್ಕೆ ಹೇಳಿದವು.

ಆ ಮಾಲೆಯ ಡರ್ಬನ್ ಚಿತ್ರವೊಂದು ನನಗೆ ಬಹಳ ಹತ್ತಿರ. ಹಸಿರು ಗಾಲ್ಫ್ ಮೈದಾನ, ಅದಕ್ಕಂಟಿಕೊಂಡೇ ತಗಡಿನ ಮನೆಗಳು, ನಡುವೆ ಗಿಡ್ಡನೆಯ ಕಾಂಕ್ರೀಟ್ ಬೇಲಿ. ಮೈದಾನಕ್ಕಿರುವುದು ಪಾಪ್ವಾ ಸೇವ್‌ಗೋಲಮ್ ಅವರ ಹೆಸರು. ಭಾರತೀಯ ಮೂಲದ ಈ ಆಟಗಾರ 1963ರಲ್ಲಿ ಬಿಳಿಯರನ್ನು ಸೋಲಿಸಿ ನಟಾಲ್ ಓಪನ್ ಗೆದ್ದಾಗ ಬಿಳಿಯರು ಕ್ಲಬ್ಬಿನ ಒಳಗಿದ್ದರು, ಅವರು ಹೊರಗೆ ಮಳೆಯಲ್ಲಿ ನಿಂತು ಬಹುಮಾನ ತೆಗೆದುಕೊಂಡರು. ಹೊರಗೆ ನಿಂತವನ ಹೆಸರನ್ನು ಮೈದಾನಕ್ಕಿಟ್ಟಾಯಿತು, ಬೇಲಿಯಾಚೆ ಬೇರೆಯವರು ನಿಂತರು. ಅಂಬೇಡ್ಕರ್ ಹೆಸರಿನ ಭವನಗಳನ್ನೂ ಅವುಗಳ ಹಿಂದಿನ ಗಲ್ಲಿಗಳನ್ನೂ ನೋಡಿದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಈ ಚಿತ್ರಗಳಿಗೂ ನಮ್ಮೂರಿನ ಪನೋರಮಾಕ್ಕೂ ಯಂತ್ರದಲ್ಲಿ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ನಡುವೆ ಏನನ್ನು ಇಟ್ಟರು ಎಂಬಲ್ಲಿ. ಮಿಲ್ಲರ್ ಬೇಲಿಯನ್ನೇ ಚಿತ್ರದ ನಡುವಿಗೆ ತಂದ. ನಮ್ಮವರು ಬೇಲಿ ಬರುವ ಮುಂಚೆಯೇ ಚಿತ್ರ ಮುಗಿಸಿದರು.

ಆದರೆ ಮಿಲ್ಲರನ ಮಾದರಿಯನ್ನು ಹಾಗೇ ತಂದು ನಮ್ಮ ಹಳ್ಳಿಯ ಮೇಲೆ ಹಾರಿಸಿದರೆ ಮೋಸಹೋಗುತ್ತೇವೆ. ಅಲ್ಲಿ ಸೂರು ಬೇರೆ, ಬಡಾವಣೆ ಬೇರೆ. ವರ್ಣಭೇದ ಮಾಳಿಗೆಯ ಮೇಲೇ ಬರೆದಿದೆ. ನಮ್ಮ ಎಷ್ಟೋ ಕೇರಿಗಳಲ್ಲಿ ಈಗ ಆಶ್ರಯ ಮನೆಗಳಿವೆ, ತಾರಸಿಗಳಿವೆ. 120 ಮೀಟರ್ ಎತ್ತರದಿಂದ ಎರಡೂ ಒಂದೇ ಸಿಮೆಂಟು ಬಣ್ಣ. ಹೋಟೆಲಿನ ಬೇರೆ ಲೋಟ, ದೇವಸ್ಥಾನದ ಹೊಸ್ತಿಲು, ಕ್ಷೌರದಂಗಡಿಯ ಕುರ್ಚಿ ಇವ್ಯಾವೂ ಆಕಾಶಕ್ಕೆ ಕಾಣುವುದಿಲ್ಲ. ‘ಎಲ್ಲಿದೆ ಜಾತಿ, ಎಲ್ಲಾ ಒಂದೇ ಊರು’ ಎನ್ನುವವನಿಗೆ ಇಂಥ ಚಿತ್ರ ಸಾಕ್ಷಿಯೂ ಆದೀತು.

ಗೋಡೆಯೇ ಇದ್ದರೂ ಅಷ್ಟೆ. ತಮಿಳುನಾಡಿನ ಮದುರೆ ಜಿಲ್ಲೆಯ ಉತ್ತಪುರಂನಲ್ಲಿ 1989ರಲ್ಲಿ ದಲಿತರ ವಸತಿಯನ್ನು ಬೇರ್ಪಡಿಸಿ ಕಟ್ಟಿದ ಗೋಡೆಯ ಒಂದು ಭಾಗವನ್ನು ಹೋರಾಟದ ನಂತರ 2008ರ ಮೇ 6ರಂದು ಕೆಡವಿದರು. ಅಂಥ ಗೋಡೆಯನ್ನು ನೆತ್ತಿಯಿಂದ ನೇರ ಕೆಳಗೆ ನೋಡಿ ತೆಗೆದರೆ ಒಂದು ಗೆರೆ ಮಾತ್ರ. ಎರಡಾಳೆತ್ತರದ ಅವಮಾನ ಪೆನ್ಸಿಲ್ ಗೀಟಾಗುತ್ತದೆ. ಗೋಡೆಯ ಎತ್ತರ ಕಾಣಬೇಕಾದರೆ ಡ್ರೋನು ಕೆಳಗಿಳಿಯಬೇಕು, ಓರೆಯಾಗಿ ನೋಡಬೇಕು, ಹೊತ್ತು ಇಳಿಯುವಾಗ ನೋಡಬೇಕು. ಆಗ ಗೋಡೆಯ ನೆರಳು ಯಾರ ಅಂಗಳದಲ್ಲಿ ಬೀಳುತ್ತದೆ ಎಂಬುದು ಕಾಣುತ್ತದೆ.

ಇದಕ್ಕೆ ಎದುರಾಗಿ ನಮ್ಮಲ್ಲಿ ಇನ್ನೊಂದು ಪರಂಪರೆಯಿದೆ. ಸುಧಾರಕ ಓಳ್ವೆ ಮುಂಬೈಯ ಪೌರಕಾರ್ಮಿಕರನ್ನು ಅವರ ಕೆಲಸದೊಳಗೇ ನಿಂತು ಚಿತ್ರಿಸಿದರು. ಮಲ ಹೊರುವವರ ಬದುಕನ್ನು ಕುರಿತ ‘ಕಕ್ಕೂಸ್’ (2017) ಸಾಕ್ಷ್ಯಚಿತ್ರಕ್ಕೆ ಕ್ಯಾಮೆರಾ ಹಿಡಿದ ಎಂ. ಪಳನಿ ಕುಮಾರ್ ನೋಡಿದ್ದು ಆಕಾಶದಿಂದಲ್ಲ, ಗುಂಡಿಯ ಬಾಯಿಂದ. ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ರಾತ್ರಿ ಒಲೆಯ ಸುತ್ತ ಕೂತು ಕಡಲೆಕಾಯಿ ತಿನ್ನುವ ಮನೆಮಂದಿಯನ್ನು ಯಾವ ವೈಡ್ ಆಂಗಲ್ಲೂ ಹಿಡಿಯಲಾರದು. ನಮ್ಮ ಸಂವೇದನೆ ಬೆಳೆದದ್ದು ಈ ಹತ್ತಿರದ ನೋಟದಿಂದ.

ಆದರೆ ಹತ್ತಿರದ ನೋಟವೇ ಸಾಕು, ಅನುಭವವೇ ಸಾಕು ಎಂಬ ಮಾತಿಗೂ ನಾನೀಗ ಪೂರ್ತಿ ಒಪ್ಪುವವನಲ್ಲ. ನಕ್ಷೆ ಇಲ್ಲದವನಿಗೆ ನೆಲವೂ ಇಲ್ಲ. 2020ರ ಏಪ್ರಿಲ್ 24ರಂದು ಕೇಂದ್ರ ಸರ್ಕಾರ ಶುರುಮಾಡಿದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಯ ಜನವಸತಿಯನ್ನು ಡ್ರೋನಿನಿಂದ ಅಳೆದು ಮನೆಮನೆಗೆ ಆಸ್ತಿಪತ್ರ ಕೊಡುವ ಕೆಲಸ ನಡೆಯಿತು. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಡ್ರೋನು ಹಾರುವ ಮುನ್ನ ನೆಲದ ಮೇಲೆ ಸುಣ್ಣದ ಗೆರೆ ಎಳೆದು ಗಡಿ ಗುರುತು ಮಾಡುತ್ತಾರೆ. ಮೇಲಿನ ಕ್ಯಾಮೆರಾ ನೋಡುವುದು ಆ ಗೆರೆಯನ್ನು. ಗೆರೆ ಎಳೆಯುವಾಗ ಯಾರು ಹತ್ತಿರ ನಿಂತಿದ್ದರು, ಯಾರ ಮಾತು ನಡೆಯಿತು, ಗ್ರಾಮಠಾಣಾದಿಂದಾಚೆ ಬೆಳೆದ ಕೇರಿಗೆ ಸುಣ್ಣ ಬಂತೋ ಇಲ್ಲವೋ? ಇವೆಲ್ಲ ನೆಲದ ಪ್ರಶ್ನೆಗಳು, ಆಕಾಶದವಲ್ಲ. ಡ್ರೋನಿನ ಚಿತ್ರವನ್ನು ಓದಬೇಕಾದರೆ ಸುಣ್ಣ ಹಿಡಿದ ಕೈಯಿಂದ ಶುರುಮಾಡಬೇಕು.

ಇಷ್ಟೆಲ್ಲ ಮಾತಾಡುವವನು ಒಮ್ಮೆ ಮಾಡಿಯೂ ನೋಡಬೇಕಲ್ಲ. ನಮ್ಮ ಕಾಲೇಜಿನ ವಿದ್ಯಾರ್ಥಿಯೊಬ್ಬನ ಬಳಿ 250 ಗ್ರಾಂ ಒಳಗಿನ ಡ್ರೋನಿತ್ತು. 2021ರ ಡ್ರೋನ್ ನಿಯಮಗಳ ಪ್ರಕಾರ ಇದು ನ್ಯಾನೋ ವರ್ಗ. ವ್ಯಾಪಾರಕ್ಕಲ್ಲದೆ ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ಹಸಿರು ವಲಯದಲ್ಲಿ 120 ಮೀಟರಿನವರೆಗೆ ಹಾರಿಸಬಹುದು. ಒಂದು ಭಾನುವಾರ ಹೊತ್ತಾರೆ ಕೇರಿಯ ಮಾರಿಗುಡಿ ಮುಂದಿನಿಂದ ಹಾರಿಸಿದೆವು. ಮಂಜಿನ ಬೆಳಕು ಚೆನ್ನಾಗಿರುತ್ತದೆ ಅಂತ ಅವನ ಆಸೆ.

ಅದು ಎದ್ದು ನಿಲ್ಲುವಷ್ಟರಲ್ಲಿ ನಮ್ಮ ದೊಡ್ಡವ್ವ ಹೊರಗೆ ಬಂದಳು. ‘ಏನ್ಲಾ ಅದು, ಜೇನೆದ್ದಂಗೆ ಗುಯ್‌ಗುಡ್ತದೆ?’ ಅಂದಳು. ಹೇಳಿದೆ. ‘ನಮ್ಮನ್ನ ಒಂದ್ ಮಾತು ಕೇಳ್ದೆ ನಮ್ಮನೆ ಮ್ಯಾಲೆ ಬುಟ್ಬುಟ್ರಾ? ಹೆಣ್ಮಕ್ಳು ನೀರು ಉಯ್ಕಳೊ ಹೊತ್ತು. ಬಚ್ಚಲಿಗೆ ಸೂರಿಲ್ಲ ಕಣಪ್ಪ. ಅಷ್ಟು ಓದ್ಕಂಡಿದ್ದೀಯೆ, ಗೊತ್ತಾಗಕ್ಕಿಲ್ವಾ?’

ನನ್ನ ತಾತ್ವಿಕತೆಯೆಲ್ಲ ಅಲ್ಲಿಗೆ ಕೆಳಗಿಳಿಯಿತು, ಡ್ರೋನೂ ಇಳಿಯಿತು. ನಾನು ಬೇರೆಯವರ ಯಜಮಾನಿಕೆಯ ನೋಟವನ್ನು ಬಯಲಿಗೆಳೆಯುವ ಉತ್ಸಾಹದಲ್ಲಿದ್ದೆ. ನಮ್ಮ ಕೇರಿಯ ಹೆಣ್ಣುಮಕ್ಕಳಿಗೆ ಆ ಹೊತ್ತು ನಾನೇ ಯಜಮಾನನಾಗಿದ್ದೆ. ಕೇರಿಯಲ್ಲಿ ಹುಟ್ಟಿದವನೆಂಬ ಒಂದೇ ಕಾರಣಕ್ಕೆ ನನ್ನ ನೋಟ ಶುದ್ಧವಾಗಿಬಿಡುವುದಿಲ್ಲ. ದಲಿತ ವಿಮರ್ಶೆ ಇದನ್ನು ತನಗೆ ತಾನೇ ಹೇಳಿಕೊಳ್ಳದಿದ್ದರೆ ದೊಡ್ಡವ್ವಂದಿರು ಹೇಳುತ್ತಾರೆ.

ಮನೆಮನೆಗೂ ತಿಳಿಸಿ, ಸಂಜೆ ನಾಲ್ಕಕ್ಕೆ ಮತ್ತೆ ಹಾರಿಸಿದೆವು. 120 ಮೀಟರ್ ಬೇಡ ಅಂತ 40ಕ್ಕೆ ನಿಲ್ಲಿಸಿದೆವು. ಕೇರಿ ನಡುವೆ, 21 ಚಿತ್ರ. ಅಲುಗಾಡಬೇಡಿ ಅಂತ ಯಾರಿಗೂ ಹೇಳಲಿಲ್ಲ. ಹೊಲಿದಾದ ಮೇಲೆ ನೋಡಿದರೆ ಒಬ್ಬ ಹುಡುಗ ಎರಡು ಕಡೆ ಇದ್ದ, ಒಂದು ಎಮ್ಮೆಗೆ ಹಿಂಭಾಗವಿರಲಿಲ್ಲ. ಅಳಿಸಲಿಲ್ಲ. ಈ ಸಲ ತೇರಿನ ಬೀದಿ ಬಿಲ್ಲಿನಂತೆ ಬಾಗಿತ್ತು, ಗೋಪುರ ಎಡದ ಅಂಚಿನಲ್ಲಿ ವಾಲಿತ್ತು. ಹುಡುಗರು ನೋಡಿ ನಕ್ಕರು. ನಾನೂ ನಕ್ಕೆ. ಆದರೆ ಅದು ಮಸೂರದ ಆಟ, ಗೋಪುರ ನಿಜವಾಗಿ ಬಾಗಿಲ್ಲ ಎಂಬುದು ನಮಗೆ ಗೊತ್ತಿತ್ತು.

ನಗು ನಿಲ್ಲಿಸಿದ್ದು ಚಿತ್ರದ ಇನ್ನೊಂದು ಮೂಲೆ. ಕೇರಿಯಿಂದ ನಮ್ಮ ಸ್ಮಶಾನಕ್ಕೆ ಹೋಗುವ ದಾರಿ ಹಳ್ಳದ ಹತ್ತಿರ ಅಗಲವಾಗಿ ಹೊರಟು, ಎರಡು ಜಮೀನುಗಳ ನಡುವೆ ಸಣ್ಣಗಾಗಿ, ಒಂದು ಬದುವಿನಲ್ಲಿ ಕಾಣೆಯಾಗಿತ್ತು. ಮಳೆಗಾಲದಲ್ಲಿ ಹೆಣ ಹೊತ್ತು ಆ ಬದುವಿನ ಮೇಲೆ ಜಾರಿದವರೆಲ್ಲರಿಗೂ ಅದು ಗೊತ್ತಿದ್ದದ್ದೇ. ಒಂದೇ ನೋಟಕ್ಕೆ ಹಾಗೆ ಕಂಡಿದ್ದು ಮಾತ್ರ ಮೊದಲ ಸಲ. ಚಿತ್ರವನ್ನು ಮುದ್ರಿಸಿ ಮನವಿಯ ಜೊತೆ ಲಗತ್ತಿಸಿದೆವು. ಕಚೇರಿಯಲ್ಲಿ ಅದನ್ನು ನೋಡಿದವರು, ‘ಇದು ಅಳತೆಗೆ ಆಗಲ್ಲ, ಬಾಗಿದೆ’ ಅಂದರು. ಸಿಟ್ಟು ಬಂತು, ಆದರೆ ಅವರು ಹೇಳಿದ್ದು ಸರಿ. ಪನೋರಮಾ ನೋಡುವುದಕ್ಕೆ, ಅಳೆಯುವುದಕ್ಕಲ್ಲ. ನೇರ ಕೆಳಮುಖವಾಗಿ ತೆಗೆದು, ನೆಲದ ಗುರುತುಗಳಿಗೆ ಹೊಂದಿಸಿ, ಬಾಗನ್ನು ತಿದ್ದಿದ ಚಿತ್ರ ಬೇರೆ. ಅದಕ್ಕಿಂತ ಮೊದಲು ಸರ್ವೆಯವರು ಬಂದು ದಾಖಲೆಯ ನಕ್ಷೆ ಹಿಡಿದು ಹದ್ದುಬಸ್ತು ಮಾಡಬೇಕು.

ಹದ್ದು ಎಂಬ ಪದಕ್ಕೆ ನಮ್ಮ ನುಡಿಯಲ್ಲಿ ಹಕ್ಕಿ ಎಂಬ ಅರ್ಥವೂ ಉಂಟು, ಗಡಿ ಎಂಬ ಅರ್ಥವೂ ಉಂಟು. ನಮ್ಮ ಅಜ್ಜಂದಿರು ತಲೆಯೆತ್ತಿ ಹದ್ದು ಸುತ್ತುವ ಜಾಗ ನೋಡಿ, ದನ ಎಲ್ಲಿ ಸತ್ತುಬಿದ್ದಿದೆ ಅಂತ ತಿಳಿಯುತ್ತಿದ್ದರು. ಪಕ್ಷಿನೋಟವನ್ನು ಕೆಳಗಿನಿಂದ ಓದಿದವರು ಅವರು. ಮುಂದೆ ಯಾವ ಪಕ್ಷಿನೋಟದ ಪ್ರಬಂಧ ಕೈಗೆ ಬಂದರೂ ಅದು ಎಲ್ಲಿಂದ ಹಾರಿತು, ನಡುವೆ ಯಾರನ್ನಿಟ್ಟಿತು, ಹೊಲಿಗೆಯಲ್ಲಿ ಯಾರನ್ನು ಅಳಿಸಿತು, ಹಾರುವ ಮುನ್ನ ಯಾರನ್ನು ಕೇಳಿತು ಅಂತ ನೋಡಿಯೇ ಅಂಕ ಹಾಕುವುದೆಂದು ನಿಶ್ಚಯಿಸಿದ್ದೇನೆ. ಎಂ.ಎ.ಯಲ್ಲಿ ನಾನೇ ಬರೆದ ಆ ಪ್ರಬಂಧಕ್ಕೆ ಈ ಲೆಕ್ಕದಲ್ಲಿ ಪಾಸ್ ಆಗುವಷ್ಟೂ ಬರುವುದಿಲ್ಲ.

ಚಿತ್ರ ಈಗ ಕೇರಿಯ ಸಂಘದ ಕೊಠಡಿಯಲ್ಲಿದೆ. ಬಂದವರು ಮೊದಲು ತಮ್ಮ ಮನೆ ಹುಡುಕುತ್ತಾರೆ, ಆಮೇಲೆ ದಾರಿಯ ಮೇಲೆ ಬೆರಳಿಡುತ್ತಾರೆ. ಸರ್ವೆಯವರು ಇನ್ನೂ ಬಂದಿಲ್ಲ. ಮತ್ತೊಂದು ಮನವಿ ಬರೆದಿದ್ದೇವೆ.