‘ಕಾಂಟ್ರಾ’ ಆಟದಲ್ಲಿ ಔಚಿತ್ಯ

1990ರ ದಶಕದಲ್ಲಿ ದಿಲ್‌ಸುಖ್‌ನಗರದಂತಹ ಬಡಾವಣೆಗಳ ಮನೆಗಳಲ್ಲಿ ಟೆಲಿವಿಷನ್ನಿಗೆ ಜೋಡಿಸಿ ಆಡುತ್ತಿದ್ದ ವಿಡಿಯೋ ಗೇಮುಗಳ ಪೈಕಿ ‘ಕಾಂಟ್ರಾ’ದಷ್ಟು ಮನಸ್ಸಿನಲ್ಲಿ ನೆಲೆನಿಂತವು ವಿರಳ. ಮಕ್ಕಳ ಕಾಲಹರಣವೆಂದು ವಿದ್ವಾಂಸರು ಇದನ್ನು ಕಡೆಗಣಿಸುವುದು ಯುಕ್ತವಲ್ಲ. ಜಪಾನಿನ ಕೊನಾಮಿ ಸಂಸ್ಥೆಯು 1987ರಲ್ಲಿ ಇದನ್ನು ನಾಣ್ಯದ ಯಂತ್ರಕ್ಕಾಗಿ ರಚಿಸಿತು. ಮನೆಯಲ್ಲಿ ಆಡುವ ಆವೃತ್ತಿ 1988ರಲ್ಲಿ ಬಂದಿತು. ಕಥೆಯಾದರೋ ತೀರ ಸಾಮಾನ್ಯ: ಇಬ್ಬರು ಯೋಧರು, ಎಂಟು ಘಟ್ಟಗಳು, ಅನ್ಯಲೋಕದ ವೈರಿ. ಹಾಗಿದ್ದಲ್ಲಿ ಹಿರಿಮೆ ಎಲ್ಲಿದೆ?

ಕ್ಷೇಮೇಂದ್ರನು ಕಾವ್ಯಕ್ಕೆ ಹೇಳಿದ ಔಚಿತ್ಯವನ್ನು ಇಲ್ಲಿಗೂ ಅನ್ವಯಿಸಬಹುದು. ಒಂದೇ ಗುಂಡು ತಗುಲಿದರೂ ಯೋಧನು ಸಾಯುತ್ತಾನೆ. ಆದರೆ ಆ ಗುಂಡು ಬಹುಮಟ್ಟಿಗೆ ಕಣ್ಣಿಗೆ ಕಾಣುವಷ್ಟು ನಿಧಾನವಾಗಿ ಬರುತ್ತದೆ, ನೆಗೆದ ಮೇಲೂ ದಿಕ್ಕು ಬದಲಿಸಲು ಸಾಧ್ಯವಿದೆ. ಆದಕಾರಣ ಸೋತವನು ಯಂತ್ರವನ್ನು ದೂರಲಾರ. ಐದು ಕವಲಾಗಿ ಹರಡುವ ‘ಎಸ್’ ಅಸ್ತ್ರ ದೊರೆತವನಿಗಂತೂ ಪ್ರಾಣಕ್ಕಿಂತ ಅಸ್ತ್ರದ ಚಿಂತೆಯೇ ಹೆಚ್ಚು. ಸತ್ತರೆ ಅದೂ ಹೋಗುವುದಷ್ಟೆ! ಮೂರನೆಯ ಘಟ್ಟದ ಜಲಪಾತವು ಇಬ್ಬರು ಆಡುವಾಗ ಸ್ನೇಹದ ಪರೀಕ್ಷೆ. ಮುಂದಿನವನು ಅವಸರದಿಂದ ಮೇಲೇರಿದರೆ ಪರದೆಯ ದೃಶ್ಯ ಅವನೊಡನೆ ಸರಿಯುತ್ತದೆ, ಹಿಂದುಳಿದವನು ಕೆಳಗೆ ಬಿದ್ದು ಸಾಯುತ್ತಾನೆ. ಸಹಕಾರವನ್ನು ಉಪದೇಶವಿಲ್ಲದೆ ಕಲಿಸುವ ಈ ಘಟ್ಟವೇ ಕೃತಿಯ ಶಿಖರ. ಇದರ ಮುಂದೆ, ಗೋಡೆಗಳ ನಡುವೆ ನೇರ ನುಗ್ಗುವ ಎರಡನೆಯ ಹಾಗೂ ನಾಲ್ಕನೆಯ ಘಟ್ಟಗಳು ಸಪ್ಪೆ.

ಮೂವತ್ತು ಪ್ರಾಣಗಳನ್ನು ಕೊಡುವ ಗುಪ್ತ ಸಂಕೇತವು ಆಟಕ್ಕೆ ಕಳಂಕವೆಂಬ ಆಕ್ಷೇಪಣೆಯೊಂದುಂಟು. ಆ ಸಂಕೇತವನ್ನು ಮೊದಲು ರೂಪಿಸಿದವರು 2020ರಲ್ಲಿ ನಿಧನರಾದ ಕಜುಹಿಸಾ ಹಶಿಮೊತೊ. 1986ರ ‘ಗ್ರೇಡಿಯಸ್’ ಆಟವನ್ನು ಪರೀಕ್ಷಿಸುವಾಗ ಅದು ತಮಗೇ ಕಠಿಣವೆನಿಸಿದ್ದರಿಂದ ಹಾಗೆ ಮಾಡಿದರು. ಅದರಿಂದ ದೊರೆಯುವುದು ಕಲಿಯಲು ಕಾಲಾವಕಾಶವೇ ಹೊರತು ಕೌಶಲವಲ್ಲ. ಮೂರೇ ಪ್ರಾಣದಿಂದ ಹೊರಟು ಎಂಟೂ ಘಟ್ಟ ದಾಟಿದವನ ಮಾತು ಬೇರೆ.