ಗಣಕದ ಕೋಷ್ಟಕ ಮತ್ತು ಜಾನಪದ ಪಠ್ಯ: ಕಂಬಸಾಲಿನ ಅಗಲವನ್ನು ಕುರಿತು ಒಂದು ವಿಮರ್ಶೆ

ಜಾನಪದ ಅಧ್ಯಯನದಲ್ಲಿ ವರ್ಗೀಕರಣದ ಚರ್ಚೆಗೆ ದೀರ್ಘವಾದ ಇತಿಹಾಸವಿದೆ. ಫಿನ್ಲೆಂಡಿನ ಆಂಟಿ ಆರ್ನೆ 1910ರಲ್ಲಿ ಪ್ರಕಟಿಸಿದ ಕಥಾವರ್ಗಗಳ ಸೂಚಿಯನ್ನು ಸ್ಟಿತ್ ಥಾಮ್ಸನ್ 1928 ಮತ್ತು 1961ರಲ್ಲಿ ವಿಸ್ತರಿಸಿದರು. 2004ರಲ್ಲಿ ಹಾನ್ಸ್-ಯೋರ್ಗ್ ಉಥರ್ ಅದನ್ನು ಪರಿಷ್ಕರಿಸಿದರು. ಯಾವ ಪಠ್ಯ ಯಾವ ವರ್ಗಕ್ಕೆ ಸೇರಬೇಕು ಎಂಬುದರ ಬಗ್ಗೆ ವಿದ್ವಾಂಸರು ಸಾಕಷ್ಟು ವಾದಿಸಿದ್ದಾರೆ. ಆದರೆ ಇಂದು ನಮ್ಮ ಸಂಗ್ರಹಗಳ ಬಹುಪಾಲು ಗಣಕದ ಕೋಷ್ಟಕಗಳಲ್ಲಿ ಸಿದ್ಧವಾಗುತ್ತಿದ್ದು, ಆ ಕೋಷ್ಟಕದ ರೂಪವೇ ನಮ್ಮ ಓದನ್ನು ಹೇಗೆ ನಿಯಂತ್ರಿಸುತ್ತದೆ ಎಂಬ ಪ್ರಶ್ನೆಗೆ ಸಿಗಬೇಕಾದ ಗಮನ ಸಿಕ್ಕಿಲ್ಲ. ಪ್ರಸ್ತುತ ಲೇಖನ ಈ ಪ್ರಶ್ನೆಗೆ ಸೀಮಿತವಾಗಿದೆ.

ಗಣಕದ ಕೋಷ್ಟಕ ಹುಟ್ಟಿದ್ದು ಲೆಕ್ಕಪತ್ರದ ಅಗತ್ಯದಿಂದ. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ರೂಪಿಸಿದ ವಿಸಿಕ್ಯಾಲ್ಕ್‌ನಲ್ಲಿ ಎಲ್ಲ ಕಂಬಸಾಲುಗಳಿಗೂ ಒಂದೇ ಅಗಲ. 1983ರ ಲೋಟಸ್ 1-2-3ರಲ್ಲಿ ಪ್ರತಿಯೊಂದು ಕಂಬಸಾಲಿಗೂ ಬೇರೆ ಅಗಲ ನೀಡುವುದು ಸಾಧ್ಯವಾಯಿತು. ಅನಂತರ ಬಂದ ಎಕ್ಸೆಲ್‌ನಲ್ಲಿ ಕಂಬಸಾಲಿನ ಅಂಚನ್ನು ಮೌಸ್‌ನಿಂದ ಎಳೆದು ಹಿಗ್ಗಿಸಬಹುದು. ಅದೇ ಅಂಚನ್ನು ಎರಡು ಬಾರಿ ಒತ್ತಿದರೆ ಒಳಗಿನ ಬರಹಕ್ಕೆ ತಕ್ಕಂತೆ ಅಗಲ ತಾನೇ ಹೊಂದಿಕೊಳ್ಳುತ್ತದೆ. ಸೌಲಭ್ಯ ಬೆಳೆದಿದ್ದರೂ ಮೂಲ ದೃಷ್ಟಿ ಲೆಕ್ಕಿಗನದಾಗಿಯೇ ಉಳಿದಿದೆ.

ಇದಕ್ಕೆ ಎರಡು ನಿದರ್ಶನಗಳನ್ನು ಗಮನಿಸಬಹುದು. ಎಕ್ಸೆಲ್‌ನಲ್ಲಿ ಕಂಬಸಾಲಿನ ಅಗಲವನ್ನು ಅಳೆಯುವ ಮಾನ ಸೊನ್ನೆ. ಮೂಲ ಅಕ್ಷರಶೈಲಿಯ ಎಷ್ಟು ಸೊನ್ನೆಗಳು ಹಿಡಿಸುತ್ತವೆ ಎಂಬುದೇ ಅಲ್ಲಿ ಅಗಲ. ಸಾಮಾನ್ಯವಾಗಿ ಮೊದಲಿಗೆ ದೊರೆಯುವುದು 8.43. ಕನ್ನಡದ ಅಕ್ಷರ ದೀರ್ಘ ಪಡೆದಾಗ ಅಡ್ಡಕ್ಕೆ ಬೆಳೆಯುತ್ತದೆ, ಒತ್ತು ಪಡೆದಾಗ ಕೆಳಕ್ಕೆ ಇಳಿಯುತ್ತದೆ. ಸೊನ್ನೆಯ ಅಳತೆ ಇದನ್ನು ಬಲ್ಲದಲ್ಲ. ಎರಡನೆಯದು ಇನ್ನೂ ಗಂಭೀರವಾದುದು. ಸಂಖ್ಯೆಗೆ ಸ್ಥಳ ಸಾಲದಿದ್ದರೆ ಎಕ್ಸೆಲ್ ಅದನ್ನು ಅರ್ಧ ತೋರಿಸುವುದಿಲ್ಲ. ಮನೆಯ ತುಂಬ ###### ಗುರುತುಗಳನ್ನು ಇಟ್ಟು ಎಚ್ಚರಿಸುತ್ತದೆ. ಅರ್ಧ ಕಂಡ ಸಂಖ್ಯೆ ಸುಳ್ಳು ಸಂಖ್ಯೆ ಎಂಬ ವಿವೇಕ ಇಲ್ಲಿದೆ. ಆದರೆ ಬರಹಕ್ಕೆ ಸ್ಥಳ ಸಾಲದೆ, ಪಕ್ಕದ ಮನೆಯೂ ತುಂಬಿದ್ದರೆ, ಬರಹವನ್ನು ಯಾವ ಗುರುತೂ ಇಲ್ಲದೆ ಕತ್ತರಿಸಿ ತೋರಿಸುತ್ತದೆ. ಅರ್ಧ ಕಂಡ ಸಾಲೂ ಸುಳ್ಳಾಗಬಹುದೆಂಬ ಎಚ್ಚರ ಇಲ್ಲಿ ಇಲ್ಲ.

ಈ ದೋಷದ ಪರಿಣಾಮವನ್ನು ನಾನು ಸ್ವತಃ ಅನುಭವಿಸಿದ್ದೇನೆ. ಬೀಸುವ ಪದಗಳ ಪಾಠಾಂತರಗಳನ್ನು ಹೋಲಿಸಲು ಒಂದು ಕೋಷ್ಟಕ ಸಿದ್ಧಪಡಿಸಿ, ನೋಟಕ್ಕೆ ಒಪ್ಪವಾಗಿರಲೆಂದು ಎಲ್ಲ ಅಡ್ಡಸಾಲುಗಳಿಗೂ ಒಂದೇ ಎತ್ತರವನ್ನು ನಿಗದಿಪಡಿಸಿದ್ದೆ. ಹಾಗೆ ಕೈಯಿಂದ ನಿಗದಿಪಡಿಸಿದ ಮೇಲೆ ಬರಹ ಹೆಚ್ಚಾದರೂ ಸಾಲು ತಾನಾಗಿ ಬೆಳೆಯುವುದಿಲ್ಲ. ತ್ರಿಪದಿಗಳ ಮೊದಲ ಎರಡು ಸಾಲುಗಳು ಮಾತ್ರ ಕಾಣುತ್ತಿದ್ದವು. ಇಬ್ಬರು ಹಾಡುಗಾರ್ತಿಯರ ಪದಗಳನ್ನು 'ಒಂದೇ ಪಾಠ' ಎಂದು ಗುರುತಿಸಿ ಮುಂದೆ ಸಾಗಿದೆ. ತಿಂಗಳುಗಳ ಬಳಿಕ ಧ್ವನಿಮುದ್ರಣವನ್ನು ಮತ್ತೆ ಕೇಳಿದಾಗ ಮೂರನೆಯ ಸಾಲು ಬೇರೆಯಾಗಿತ್ತು: ಒಬ್ಬಾಕೆಯ ಪದದಲ್ಲಿ ಅಣ್ಣ ತವರಿನಿಂದ ಕರೆಯಲು ಬರುತ್ತಾನೆ, ಇನ್ನೊಬ್ಬಾಕೆಯ ಪದದಲ್ಲಿ ಬರುವುದಿಲ್ಲ. ತ್ರಿಪದಿಯಲ್ಲಿ ಭಾವ ಮುಕ್ತಾಯ ಪಡೆಯುವ ಸ್ಥಾನವೇ ಮೂರನೆಯ ಸಾಲು. ಕಡತದಲ್ಲಿ ಅದು ಅಳಿದಿರಲಿಲ್ಲ. ನನ್ನ ಕಣ್ಣಿಗೆ ಮರೆಯಾಗಿತ್ತು, ಅಷ್ಟೆ. ಆ ಎರಡನೆಯ ಹಾಡುಗಾರ್ತಿಯ ದುಃಖವನ್ನು ಅಳಿಸಲು ಅಷ್ಟೇ ಸಾಕಾಗಿತ್ತು.

ಆದ್ದರಿಂದ ಸಮಸ್ಯೆ ಧಾರಣಶಕ್ತಿಯದಲ್ಲ. ಎಕ್ಸೆಲ್‌ನ ಒಂದು ಮನೆ 32,767 ಅಕ್ಷರಗಳನ್ನು ಹಿಡಿಯುತ್ತದೆ. ಲೌರಿ ಹೊಂಕೊ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ, ಗೋಪಾಲ ನಾಯ್ಕರು ಹಾಡಿದ ತುಳು ಸಿರಿ ಮಹಾಕಾವ್ಯ 15,683 ಸಾಲುಗಳದು. 65,536 ಅಡ್ಡಸಾಲುಗಳಿದ್ದ ಎಕ್ಸೆಲ್ 2003ರ ಒಂದೇ ಹಾಳೆಯಲ್ಲಿ ಅದು ಸಾಲಿಗೊಂದು ಸಾಲಾಗಿ ಸೇರಬಲ್ಲದು. ಹಿಡಿಯುವುದಕ್ಕೂ ತೋರುವುದಕ್ಕೂ ನಡುವಿನ ಅಂತರವೇ ಇಲ್ಲಿನ ವಿಮರ್ಶೆಯ ವಸ್ತು.

ಕಂಬಸಾಲುಗಳ ಕ್ರಮದಲ್ಲಿಯೂ ಒಂದು ಮೌಲ್ಯನಿರ್ಣಯ ಅಡಗಿದೆ. ಎಡಬದಿಯ ಕಂಬಸಾಲನ್ನು ಸ್ಥಿರಗೊಳಿಸಿದರೆ ಎಷ್ಟು ಬಲಕ್ಕೆ ಸರಿದರೂ ಅದು ಕಣ್ಣಮುಂದೆ ನಿಲ್ಲುತ್ತದೆ. ಆ ಸ್ಥಾನವನ್ನು ನಾವು ಕ್ರಮಸಂಖ್ಯೆಗೂ ಸಂಗ್ರಾಹಕರ ಹೆಸರಿಗೂ ಕೊಡುತ್ತೇವೆ. ಹಾಡಿದವರ ಹೆಸರು, ಊರು, ಸಂದರ್ಭಗಳು ಬಲತುದಿಗೆ ಸರಿದು, ಮುದ್ರಿಸುವಾಗ ಬೇರೆ ಹಾಳೆಗೆ ಹೋಗಿ ಪಠ್ಯದಿಂದ ಬೇರ್ಪಡುತ್ತವೆ. ಅಗಲವನ್ನು 0ಗೆ ಇಳಿಸಿದರಂತೂ ಕಂಬಸಾಲೇ ಕಾಣೆಯಾಗುತ್ತದೆ.

ಕೋಷ್ಟಕವನ್ನೇ ತ್ಯಜಿಸಬೇಕೆಂಬುದು ಈ ಲೇಖನದ ವಾದವಲ್ಲ. ಸಾವಿರಾರು ಪಠ್ಯಗಳನ್ನು ಕ್ಷಣದಲ್ಲಿ ಜೋಡಿಸಿ, ಸೋಸಿ ನೋಡುವ ಅನುಕೂಲ ಕಾರ್ಡುಗಳ ಕಾಲದಲ್ಲಿ ಇರಲಿಲ್ಲ. ಪರ್ಯಾಯಗಳೂ ಇವೆ. ಲಿಬ್ರೆಆಫೀಸ್ ಕ್ಯಾಲ್ಕ್ ಬರಹ ಕತ್ತರಿಸಿಹೋದ ಮನೆಯ ಅಂಚಿನಲ್ಲಿ ಸಣ್ಣ ಕೆಂಪು ತ್ರಿಕೋನವನ್ನು ಇಡುತ್ತದೆ. ವರ್ಡ್‌ನ ಕೋಷ್ಟಕದಲ್ಲಿ ಎತ್ತರವನ್ನು ಬಿಗಿಗೊಳಿಸದಿದ್ದರೆ ಮನೆ ಬರಹದೊಡನೆ ಕೆಳಕ್ಕೆ ಬೆಳೆಯುತ್ತದೆ. ಎಕ್ಸೆಲ್‌ನಲ್ಲಿಯೂ ಪಠ್ಯದ ಕಂಬಸಾಲಿಗೆ ಸಾಲು ಮಡಿಸುವ ಆಯ್ಕೆಯನ್ನು ಕೊಟ್ಟು, ಎತ್ತರವನ್ನು ತಾನಾಗಿ ಹೊಂದಿಕೊಳ್ಳಲು ಬಿಡಬಹುದು. ಹಾಡುಗಾರರ ಹೆಸರನ್ನು ಪಠ್ಯದ ಪಕ್ಕದಲ್ಲಿಯೇ ಸ್ಥಿರಗೊಳಿಸಬಹುದು. ಪಾಠಾಂತರದ ತೀರ್ಮಾನವನ್ನು ಮಾತ್ರ ಕೋಷ್ಟಕದ ನೋಟದಿಂದಲ್ಲ, ಪೂರ್ಣ ಪಠ್ಯ ಹಾಗೂ ಧ್ವನಿಮುದ್ರಣದಿಂದಲೇ ಮಾಡಬೇಕು.

ಕ್ಷೇತ್ರಕಾರ್ಯದಲ್ಲಿ ಹಾಡುಗಾರರನ್ನು ನಡುವೆ ತಡೆಯಬಾರದು ಎಂಬುದು ನಾವು ವಿದ್ಯಾರ್ಥಿಗಳಿಗೆ ಕಲಿಸುವ ಮೊದಲ ಪಾಠ. ಸಂಗ್ರಹವಾದ ಮೇಲೆ ಅವರ ಹಾಡನ್ನು ಮನೆಯ ಅಂಚಿನಲ್ಲಿ ತಡೆಯುವುದೂ ಅದೇ ಬಗೆಯ ತಪ್ಪು ಎಂಬುದನ್ನು ಆ ಪಾಠಕ್ಕೆ ಸೇರಿಸಬೇಕಾಗಿದೆ.